ನೆರೆಯ ಹಳಿ ಕೈಬದಲಾದಾಗ: ಅಮೆರಿಕದ ಗೂಡ್ಸ್ ರೈಲ್ವೆಗಳ ಸ್ವಾಧೀನವೂ ಪ್ರಾಂತೀಯ ಮಾರ್ಗಗಳ ಅಳಿವು ಉಳಿವೂ

2025ನೆಯ ಇಸವಿಯ ಜುಲೈ ತಿಂಗಳ ನಡುವೆ ಅಮೆರಿಕ ಸಂಯುಕ್ತ ಸಂಸ್ಥಾನದ ವ್ಯಾಪಾರವಲಯದಲ್ಲಿ ಒಂದು ವದಂತಿ ಹಬ್ಬಿತು. ಪಶ್ಚಿಮದ ಯೂನಿಯನ್ ಪೆಸಿಫಿಕ್ ರೈಲ್ವೆಯು ಪೂರ್ವದ ನಾರ್ಫೋಕ್ ಸದರ್ನ್ ರೈಲ್ವೆಯನ್ನು ಕೊಂಡುಕೊಳ್ಳಲಿದೆ ಎಂಬುದೇ ಆ ವದಂತಿ. ಆ ತಿಂಗಳು ಮುಗಿಯುವ ಮುನ್ನವೇ, 29ನೆಯ ತಾರೀಖಿನಂದು, ಅದು ನಿಜವೆಂದು ಎರಡು ಕಂಪನಿಗಳೂ ಪ್ರಕಟಿಸಿದುವು. ನಾರ್ಫೋಕ್ ಸದರ್ನ್ ಕಂಪನಿಗೆ ಕಟ್ಟಿದ ಬೆಲೆ, ಅದರ ಸಾಲವೂ ಸೇರಿ, 8,500 ಕೋಟಿ ಡಾಲರು. ಒಡನೆಯೇ ಇನ್ನೊಂದು ವದಂತಿ ಎದ್ದಿತು: ಪಶ್ಚಿಮದ ಮತ್ತೊಂದು ದೊಡ್ಡ ರೈಲ್ವೆಯಾದ ಬಿಎನ್‌ಎಸ್‌ಎಫ್, ಪೂರ್ವದಲ್ಲಿ ಉಳಿದ ಸಿಎಸ್‌ಎಕ್ಸ್ ಕಂಪನಿಯನ್ನು ಕೊಳ್ಳುವುದೆಂದು. ಆದರೆ ಆಗಸ್ಟ್ ತಿಂಗಳಲ್ಲಿ ಆ ಇಬ್ಬರೂ ಪ್ರಕಟಿಸಿದ್ದು ಕೊಳ್ಳುವಿಕೆಯನ್ನಲ್ಲ, ಜೊತೆಗೂಡಿ ಕಂಟೇನರ್ ಗಾಡಿಗಳನ್ನು ನಡೆಸುವ ಏರ್ಪಾಟನ್ನು.

ಇಂತಹ ಸುದ್ದಿ ಹೊರಟಾಗ ಪತ್ರಿಕೆಗಳು ಷೇರುಗಳ ಏರಿಳಿತವನ್ನೂ ದೊಡ್ಡ ಕಂಪನಿಗಳ ಬಲಾಬಲವನ್ನೂ ಕುರಿತು ಬರೆಯುತ್ತವೆ. ಇದು ಸಹಜವೇ. ಆದರೆ ಅದೇ ದೇಶದಲ್ಲಿ ಸುಮಾರು 600 ಸಣ್ಣ ರೈಲ್ವೆಗಳಿವೆ. ಅವನ್ನು ಯಾರೂ ಕೊಳ್ಳುತ್ತಿಲ್ಲ, ಅವುಗಳ ಹಳಿ ಅವರದಾಗಿಯೇ ಉಳಿಯುತ್ತದೆ. ಆದಾಗ್ಯೂ ದೊಡ್ಡವರ ಕ್ರಯಪತ್ರಕ್ಕೆ ರುಜು ಬಿದ್ದಾಗ ಹಣೆಬರಹ ಬದಲಾಗುವುದು ಹಲವು ವೇಳೆ ಇವುಗಳದೇ. ಇದು ಹೇಗೆ ಸಾಧ್ಯ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಸಣ್ಣ ರೈಲ್ವೆಯ ಭವಿಷ್ಯವನ್ನು ನಿರ್ಧರಿಸುವುದು ಅದರ ಹಳಿಯ ಒಡೆತನವಲ್ಲ. ಆ ಹಳಿ ಮುಗಿಯುವ ಜಂಕ್ಷನ್ನಿನಲ್ಲಿ ಎದುರಿಗೆ ನಿಂತವನು ಯಾರು ಎಂಬುದು.

ಜಂಕ್ಷನ್ ಎಂಬ ಗಡಿ

ಭಾರತದಲ್ಲಿ ಬೆಳೆದ ನಮಗೆ ಈ ಮಾತು ತಟ್ಟನೆ ಅರ್ಥವಾಗುವುದು ಕಷ್ಟ. ಹುಬ್ಬಳ್ಳಿಯಲ್ಲಿ ತುಂಬಿದ ಗೂಡ್ಸ್ ವ್ಯಾಗನ್ನು ದೆಹಲಿಯನ್ನು ಮುಟ್ಟುವವರೆಗೆ ಹಲವು ವಲಯಗಳನ್ನು ದಾಟಬಹುದು. ಆದರೆ ಒಡೆಯನೊಬ್ಬನೇ, ದರಪಟ್ಟಿಯೊಂದೇ. ಹಿಂದೆ ನಮ್ಮಲ್ಲಿಯೂ ಹೀಗಿರಲಿಲ್ಲ. ಮುಂಬಯಿಯಿಂದ ವಿಜಾಪುರ ಗದಗಗಳ ಕಡೆಗೆ ಹೊರಟವರು ಹೋಟಗಿಯಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯನ್ನು ಬಿಟ್ಟು ಮದ್ರಾಸ್ ಆಂಡ್ ಸದರ್ನ್ ಮರಾಠಾ ರೈಲ್ವೆಯ ಗಾಡಿಯನ್ನು ಹತ್ತಬೇಕಾಗಿದ್ದ ಕಾಲವೊಂದಿತ್ತು. ಅಲ್ಲಿ ಹಳಿಯ ಅಗಲವೂ ಬದಲಾಗುತ್ತಿತ್ತು, ಆಡಳಿತವೂ ಬದಲಾಗುತ್ತಿತ್ತು. ಮದ್ರಾಸ್ ಆಂಡ್ ಸದರ್ನ್ ಮರಾಠಾ ಕಂಪನಿಯೇ 1908ರಲ್ಲಿ ಎರಡು ಕಂಪನಿಗಳು ಒಂದಾಗಿ ಆದದ್ದು. 1944ರಲ್ಲಿ ಸರಕಾರ ಅದನ್ನು ವಹಿಸಿಕೊಂಡಿತು. 1951ರ ಏಪ್ರಿಲ್ 14ರಂದು ಅದು ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಆ ಮೇಲೆ ಇಂತಹ ಗಡಿಗಳಲ್ಲಿ ಹಳಿಯ ಭೇದ ಉಳಿಯಿತೇ ಹೊರತು ಒಡೆತನದ ಭೇದ ಉಳಿಯಲಿಲ್ಲ.

ಅಮೆರಿಕದಲ್ಲಿ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಹಳಿಯ ಅಗಲ ಎಲ್ಲೆಡೆಯೂ ಒಂದೇ. ವ್ಯಾಗನ್ನು ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಕನ್ನು ಇಳಿಸದೆ ಹೋಗಬಲ್ಲದು. ಆದರೆ ಒಡೆತನ ಹಲವರದು. ಸಾಮಾನ್ಯವಾಗಿ ಪ್ರತಿಯೊಂದು ಕಂಪನಿಯೂ ತನ್ನ ನೆಲ, ತನ್ನ ಹಳಿ, ತನ್ನ ಎಂಜಿನ್ನುಗಳನ್ನು ತಾನೇ ಹೊಂದಿದೆ. ತನ್ನ ದರವನ್ನು ತಾನೇ ಗೊತ್ತುಮಾಡುತ್ತದೆ. ಜಂಕ್ಷನ್ನಿನಲ್ಲಿ ಒಬ್ಬರು ವ್ಯಾಗನ್ನನ್ನು ತಂದು ನಿಲ್ಲಿಸುತ್ತಾರೆ, ಇನ್ನೊಬ್ಬರು ಒಯ್ಯುತ್ತಾರೆ. ಸರಕಿನ ಒಡೆಯನು ಕೊಟ್ಟ ಬಾಡಿಗೆ ಅವರ ನಡುವೆ ಹಂಚಿಕೆಯಾಗುತ್ತದೆ. ಯಾವ ದಿನ ಒಯ್ಯುವುದು, ಯಾವ ದರಕ್ಕೆ ಒಯ್ಯುವುದು, ಹಂಚಿಕೆಯಲ್ಲಿ ಯಾರಿಗೆ ಎಷ್ಟು ಎಂಬುದೆಲ್ಲ ಒಪ್ಪಂದದ ವಿಷಯ. ಒಪ್ಪಂದವೆಂದ ಮೇಲೆ ಬಲವಿದ್ದವನ ಮಾತಿಗೆ ತೂಕ ಹೆಚ್ಚು.

ಸಣ್ಣ ರೈಲ್ವೆಗಳು ಹುಟ್ಟಿದ ಬಗೆ

ಈ ಸಣ್ಣ ರೈಲ್ವೆಗಳಲ್ಲಿ ಹೆಚ್ಚಿನವು ದೊಡ್ಡವರು ಬೇಡವೆಂದು ಬಿಟ್ಟ ಮಾರ್ಗಗಳಿಂದಲೇ ಹುಟ್ಟಿದವು. 1968ರಲ್ಲಿ ಪೂರ್ವದ ಎರಡು ಮಹಾ ಕಂಪನಿಗಳು ಕೂಡಿ ಪೆನ್ ಸೆಂಟ್ರಲ್ ಆದುವು. 1970ರ ಜೂನ್ ತಿಂಗಳಲ್ಲಿ ಅದು ದಿವಾಳಿಯೆದ್ದಿತು. 1976ರ ಏಪ್ರಿಲ್ 1ರಂದು ಸರಕಾರದ ಬೆಂಬಲದಿಂದ ಕಾನ್‌ರೇಲ್ ಎಂಬ ಸಂಸ್ಥೆ ಅದರ ಮತ್ತು ಇತರ ದಿವಾಳಿ ಕಂಪನಿಗಳ ಮಾರ್ಗಗಳನ್ನು ವಹಿಸಿಕೊಂಡಾಗ ಸಾವಿರಾರು ಮೈಲಿಗಳ ಕವಲುದಾರಿಗಳು ಅದರ ಹೊರಗೇ ಉಳಿದುವು. ಅವುಗಳಲ್ಲಿ ಕೆಲವನ್ನು ರಾಜ್ಯ ಸರಕಾರಗಳೂ ಸ್ಥಳೀಯ ಉದ್ಯಮಿಗಳೂ ಉಳಿಸಿಕೊಂಡರು. 1980ರ ಅಕ್ಟೋಬರ್ ತಿಂಗಳಲ್ಲಿ ಅಧ್ಯಕ್ಷ ಕಾರ್ಟರ್ ಅವರ ರುಜುವಿನೊಡನೆ ಜಾರಿಗೆ ಬಂದ ಸ್ಟ್ಯಾಗರ್ಸ್ ಕಾಯಿದೆಯು ದರ ನಿಗದಿಯಲ್ಲಿಯೂ ಮಾರ್ಗಗಳ ಮಾರಾಟದಲ್ಲಿಯೂ ಕಂಪನಿಗಳಿಗೆ ಹೆಚ್ಚಿನ ಸ್ವಾತಂತ್ರ್ಯವನ್ನು ಕೊಟ್ಟಿತು. ಅಲ್ಲಿಂದ ಮುಂದೆ ಸಣ್ಣ ಕಂಪನಿಗಳು ಅಣಬೆಗಳಂತೆ ಎದ್ದುವು. ಈಗ ದೇಶದ ಗೂಡ್ಸ್ ಮಾರ್ಗಗಳ ಸುಮಾರು ಹತ್ತರಲ್ಲಿ ಮೂರು ಪಾಲು ಇವರ ಕೈಯಲ್ಲಿದೆ. ಇವುಗಳಲ್ಲಿ 350 ಮೈಲಿಗೂ ಮೀರಿದ, ಒಂದೆರಡು ರಾಜ್ಯಗಳಲ್ಲಿ ಹರಡಿದ ರೈಲ್ವೆಗಳನ್ನು ಪ್ರಾಂತೀಯ ಮಾರ್ಗಗಳೆಂದು ಕರೆಯುವುದು ವಾಡಿಕೆ. ಇತ್ತ ದೊಡ್ಡವರ ಸಂಖ್ಯೆ ಕರಗುತ್ತ ಬಂದಿದೆ. 1980ರಲ್ಲಿ ಸುಮಾರು 40 ಇದ್ದ ಪ್ರಥಮ ದರ್ಜೆಯ ಕಂಪನಿಗಳು, 2023ರ ಏಪ್ರಿಲ್‌ನಲ್ಲಿ ಕೆನೇಡಿಯನ್ ಪೆಸಿಫಿಕ್ ಮತ್ತು ಕಾನ್ಸಾಸ್ ಸಿಟಿ ಸದರ್ನ್ ಒಂದಾದ ಬಳಿಕ, ಆರಕ್ಕೆ ಇಳಿದುವು.

ಸ್ವಾಧೀನದ ಪರಿಣಾಮ ಎಲ್ಲ ಸಣ್ಣ ರೈಲ್ವೆಗಳ ಮೇಲೂ ಒಂದೇ ರೀತಿಯಲ್ಲಿ ಆಗುವುದಿಲ್ಲ. ಅವುಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಒಂದೇ ಜಂಕ್ಷನ್ ಉಳ್ಳ ಕವಲುದಾರಿ. ಇದು ಮೊದಲೇ ಒಬ್ಬ ದೊಡ್ಡವನ ಆಶ್ರಿತ. ಯಜಮಾನನ ಹೆಸರು ಬದಲಾದರೂ ಆಶ್ರಯ ಬದಲಾಗುವುದಿಲ್ಲ. ಹೊಸ ಯಜಮಾನನ ಜಾಲ ವಿಸ್ತಾರವಾಗಿದ್ದರೆ ಲಾಭವೂ ಉಂಟು. ಎರಡನೆಯದು, ಇಬ್ಬರು ಪ್ರತಿಸ್ಪರ್ಧಿಗಳೊಡನೆ ಎರಡು ಜಂಕ್ಷನ್ ಉಳ್ಳದ್ದು. ಇದರ ದಾರಿಯಲ್ಲಿ ಒಂದು ಮರದ ಗಿರಣಿಯಿದೆ ಎಂದಿಟ್ಟುಕೊಳ್ಳೋಣ. ಗಿರಣಿಯವನು ಉತ್ತರದವನಿಂದ ಒಂದು ದರ, ದಕ್ಷಿಣದವನಿಂದ ಒಂದು ದರ ಕೇಳಿ, ಅಗ್ಗವಾದುದನ್ನು ಆರಿಸಿಕೊಳ್ಳುತ್ತಾನೆ. ಆ ಇಬ್ಬರೂ ಒಂದಾದ ದಿನ ಜಂಕ್ಷನ್ನುಗಳು ಎರಡೇ ಇರುತ್ತವೆ. ಆದರೆ ಎರಡು ಕಡೆಯೂ ಕೇಳುವ ದನಿ ಒಂದೇ. ಮೂರನೆಯದು, ಒಬ್ಬ ದೊಡ್ಡವನಿಂದ ಪಡೆದ ವ್ಯಾಗನ್ನುಗಳನ್ನು ಇನ್ನೊಬ್ಬ ದೊಡ್ಡವನಿಗೆ ಮುಟ್ಟಿಸುವ ಸೇತುವೆಯಂತಹ ಮಾರ್ಗ. ಇದಕ್ಕೆ ಒದಗುವ ಹೊಡೆತವೇ ಎಲ್ಲಕ್ಕಿಂತ ದೊಡ್ಡದು. ಏಕೆಂದರೆ ಎರಡು ದಡಗಳನ್ನೂ ಒಬ್ಬನೇ ಕೊಂಡ ಮೇಲೆ ಅವನು ತನ್ನದೇ ಹಳಿಯ ಮೇಲೆ ಸುತ್ತಿಕೊಂಡು ಹೋದಾನೇ ಹೊರತು ಸೇತುವೆಯವನಿಗೆ ಪಾಲು ಕೊಡಲಾರನು. ಸೇತುವೆಯ ಆದಾಯ ನಿಂತರೆ, ಆ ಆದಾಯದಿಂದಲೇ ದುರಸ್ತಿಯಾಗುತ್ತಿದ್ದ ಹಳಿಯನ್ನು ನಂಬಿದ ಊರುಗಳ ಗಿರಣಿ, ಗೋದಾಮುಗಳೂ ಕಷ್ಟಕ್ಕೆ ಸಿಲುಕುತ್ತವೆ.

ಇವುಗಳ ಜೊತೆಗೆ ಇನ್ನೊಂದು ತೊಡಕುಂಟು. ದೊಡ್ಡ ಕಂಪನಿಯು ಕವಲುದಾರಿಯನ್ನು ಮಾರುವಾಗ ಅಥವಾ ಗುತ್ತಿಗೆಗೆ ಕೊಡುವಾಗ, ಅಲ್ಲಿಯ ವ್ಯಾಗನ್ನುಗಳನ್ನು ತನಗೇ ಒಪ್ಪಿಸಬೇಕು, ಪ್ರತಿಸ್ಪರ್ಧಿಗೆ ಒಪ್ಪಿಸಿದರೆ ದಂಡ ತೆರಬೇಕು ಎಂಬ ಷರತ್ತನ್ನು ಪತ್ರದಲ್ಲಿ ಸೇರಿಸುವುದುಂಟು. ಆ ಕಡೆಯವರು ಇದನ್ನು ಕಾಗದದ ಗೋಡೆ ಎನ್ನುತ್ತಾರೆ. ನೆಲದ ಮೇಲೆ ಎರಡನೆಯ ಜಂಕ್ಷನ್ ಕಣ್ಣಿಗೆ ಕಾಣುತ್ತಿರುತ್ತದೆ. ಕಾಗದದ ಮೇಲೆ ಅದು ಇಲ್ಲ.

ವದಂತಿಯ ಕೆಲಸ

ಕಾನೂನಿನ ದೃಷ್ಟಿಯಲ್ಲಿ ವದಂತಿಗೆ ಬೆಲೆಯಿಲ್ಲ. ವ್ಯವಹಾರದಲ್ಲಿ ಹಾಗಲ್ಲ. ಕಾರ್ಖಾನೆಗೆ ಜಾಗ ಹುಡುಕುವವನು ಮೂರು ವರ್ಷಗಳ ಮೇಲೆ ಈ ಮಾರ್ಗಕ್ಕೆ ಎರಡು ಬಾಗಿಲುಗಳಿರುವುವೋ ಒಂದೇ ಇರುವುದೋ ಎಂದು ಲೆಕ್ಕ ಹಾಕುತ್ತಾನೆ. ಸಾಲ ಕೊಡುವವನೂ ಅದನ್ನೇ ಕೇಳುತ್ತಾನೆ. ಮಾರಾಟಕ್ಕೆ ನಿಂತ ಕಂಪನಿಗೆ ಹಳಿಯಡಿಯ ದಿಮ್ಮಿಗಳನ್ನು ಬದಲಾಯಿಸುವ ಉತ್ಸಾಹ ಕುಗ್ಗುವುದು ಸ್ವಾಭಾವಿಕ. ಅದಕ್ಕಿಂತ ಹೆಚ್ಚಾಗಿ, ಒಂದು ವದಂತಿ ಇನ್ನೊಂದು ಸ್ವಾಧೀನವನ್ನು ಎಳೆದು ತರುತ್ತದೆ. 1996ರ ಅಕ್ಟೋಬರ್ 15ರಂದು ಸಿಎಸ್‌ಎಕ್ಸ್ ಕಂಪನಿಯು ಕಾನ್‌ರೇಲನ್ನು ಕೊಳ್ಳುವೆನೆಂದು ಪ್ರಕಟಿಸಿದ ಎಂಟೇ ದಿನಗಳಲ್ಲಿ ನಾರ್ಫೋಕ್ ಸದರ್ನ್ ಹೆಚ್ಚಿನ ಬೆಲೆಯನ್ನು ಕೂಗಿತು. 2021ರ ಮಾರ್ಚ್‌ನಲ್ಲಿ ಕೆನೇಡಿಯನ್ ಪೆಸಿಫಿಕ್ ಕಾನ್ಸಾಸ್ ಸಿಟಿ ಸದರ್ನ್ ಕಂಪನಿಗೆ ಬೆಲೆ ಕಟ್ಟಿದಾಗ, ಮರುತಿಂಗಳೇ ಕೆನೇಡಿಯನ್ ನ್ಯಾಷನಲ್ ಅದಕ್ಕೂ ಮಿಗಿಲಾದ ಬೆಲೆ ಕಟ್ಟಿತು. ಒಬ್ಬನು ಕೈಚಾಚಿದರೆ ಪಕ್ಕದವನು ಸುಮ್ಮನೆ ಕುಳಿತಿರಲಾರನು. ಹೀಗೆ ದೊಡ್ಡವರು ಒಬ್ಬರನ್ನೊಬ್ಬರು ನೋಡಿ ಹೆಜ್ಜೆ ಇಡುತ್ತಿರುವಾಗ, ಸಣ್ಣ ರೈಲ್ವೆಯ ಎರಡನೆಯ ಜಂಕ್ಷನ್ ಯಾರ ಪಾಲಿಗೆ ಬೀಳುವುದೆಂಬುದು ಕೊನೆಯ ಗಳಿಗೆಯವರೆಗೆ ತಿಳಿಯುವುದಿಲ್ಲ.

ಮೇನ್ ರಾಜ್ಯದ ಉದಾಹರಣೆ

ದೇಶದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಪ್ರಾಂತವು ಇವೆಲ್ಲಕ್ಕೂ ನಿದರ್ಶನ. ಅಲ್ಲಿಯ ಮೇನ್ ರಾಜ್ಯದ ಕಾಡುಗಳನ್ನು ಅಡ್ಡಹಾಯ್ದು ಮಾಂಟ್ರಿಯಲ್ ನಗರದಿಂದ ಅಟ್ಲಾಂಟಿಕ್ ತೀರಕ್ಕೆ ಹೋಗುವ ಹತ್ತಿರದ ದಾರಿಯನ್ನು ಕೆನೇಡಿಯನ್ ಪೆಸಿಫಿಕ್ 1889ರಲ್ಲಿ ತೆರೆಯಿತು. ಒಂದು ಶತಮಾನದ ಮೇಲೆ, 1990ರ ದಶಕದ ನಡುವೆ, ಲಾಭ ಸಾಲದೆಂದು ಅದನ್ನು ಬಿಟ್ಟುಕೊಟ್ಟಿತು. ಸಣ್ಣ ಕಂಪನಿಗಳು ಅದನ್ನು ನಡೆಸಿದುವು, ಒಂದು ದಿವಾಳಿಯಾಯಿತು, 2003ರಲ್ಲಿ ಮಾಂಟ್ರಿಯಲ್, ಮೇನ್ ಆಂಡ್ ಅಟ್ಲಾಂಟಿಕ್ ಎಂಬುದು ಬಂದಿತು. 2013ರ ಜುಲೈ 6ರ ಬೆಳಗಿನ ಜಾವ, ಇಳಿಜಾರಿನ ಮೇಲೆ ಆಳಿಲ್ಲದೆ ನಿಲ್ಲಿಸಿದ್ದ ಆ ಕಂಪನಿಯ ಕಚ್ಚಾತೈಲದ ಗಾಡಿ ತಾನೇ ಉರುಳಿ, ಕ್ವಿಬೆಕ್ ಪ್ರಾಂತದ ಲಾಕ್ ಮೆಗಾಂಟಿಕ್ ಎಂಬ ಊರಿನ ನಡುಮಧ್ಯದಲ್ಲಿ ಹಳಿ ತಪ್ಪಿ ಹೊತ್ತಿಕೊಂಡಿತು. 47 ಜನ ಸತ್ತರು. ಕೆನಡಾದ ತನಿಖಾ ಮಂಡಲಿಯು ಈ ದುರಂತಕ್ಕೆ ಒಂದಲ್ಲ, 18 ಕಾರಣಗಳನ್ನು ಎಣಿಸಿತು. ಸಾಕಷ್ಟು ಕೈಬ್ರೇಕುಗಳನ್ನು ಹಾಕದಿದ್ದುದು, ಕಂಪನಿಯಲ್ಲಿ ಸುರಕ್ಷತೆಯ ಶಿಸ್ತು ದುರ್ಬಲವಾಗಿದ್ದುದು, ಸರಕಾರದ ಮೇಲ್ವಿಚಾರಣೆ ಸಾಲದಾದುದು ಅವುಗಳಲ್ಲಿ ಸೇರಿವೆ. ಕಂಪನಿ ದಿವಾಳಿಯೆದ್ದಿತು. 2014ರಲ್ಲಿ ಸೆಂಟ್ರಲ್ ಮೇನ್ ಆಂಡ್ ಕ್ವಿಬೆಕ್ ಎಂಬ ಹೆಸರಿನಿಂದ ಹೊಸ ಒಡೆಯರು ಹಳಿಯನ್ನು ದುರಸ್ತಿ ಮಾಡಿದರು. ಮಾರ್ಗವು ಚೇತರಿಸಿಕೊಂಡ ಮೇಲೆ, 2019ರ ನವೆಂಬರ್‌ನಲ್ಲಿ, ಅದನ್ನು 13 ಕೋಟಿ ಡಾಲರುಗಳಿಗೆ ಕೊಳ್ಳಲು ಒಪ್ಪಿದವರು ಯಾರು? ಕೆನೇಡಿಯನ್ ಪೆಸಿಫಿಕ್ಕಿನವರೇ. ಬೇಡವೆಂದಾಗ ಬಿಟ್ಟುಹೋಗುವುದೂ ಬೇಕೆಂದಾಗ ಮರಳುವುದೂ ದೊಡ್ಡವರಿಗೆ ಸಾಧ್ಯ. ನಡುವಣ ಇಪ್ಪತ್ತೈದು ವರ್ಷಗಳ ಭಾರವನ್ನು ಹೊತ್ತದ್ದು ಸಣ್ಣ ಕಂಪನಿಗಳು, ಆ ದಾರಿಯ ಊರುಗಳು.

ಪ್ಯಾನ್ ಆಮ್ ಪ್ರಕರಣ

ಅದೇ ಪ್ರಾಂತದ ಇನ್ನೊಂದು ಸ್ವಾಧೀನ ಇನ್ನೂ ಹೆಚ್ಚು ಬೋಧಪ್ರದವಾಗಿದೆ. 1980ರ ದಶಕದ ಮೊದಲಲ್ಲಿ ಗಿಲ್ಫರ್ಡ್ ಎಂಬ ಸಂಸ್ಥೆಯು ಮೇನ್ ಸೆಂಟ್ರಲ್, ಬಾಸ್ಟನ್ ಆಂಡ್ ಮೇನ್ ಮೊದಲಾದ ಹಳೆಯ ರೈಲ್ವೆಗಳನ್ನು ಒಂದೊಂದಾಗಿ ಕೊಂಡಿತು. ಮುಚ್ಚಿಹೋದ ಪ್ರಸಿದ್ಧ ವಿಮಾನ ಕಂಪನಿಯ ಹೆಸರನ್ನು ಕೊಂಡ ಬಳಿಕ, 2006ರಲ್ಲಿ ತನ್ನ ರೈಲ್ವೆಗೂ ಪ್ಯಾನ್ ಆಮ್ ಎಂಬ ಹೆಸರನ್ನೇ ಇಟ್ಟಿತು. ಸುಮಾರು 1,200 ಮೈಲಿಗಳ ಜಾಲ. ಆದರೆ ಹಳಿ ಸವೆದು, ಹಲವು ಕಡೆ ಗಂಟೆಗೆ 10 ಮೈಲಿಗಿಂತ ಹೆಚ್ಚು ವೇಗ ಸಲ್ಲದಾಗಿತ್ತು. 2020ರಲ್ಲಿ ಇದು ಮಾರಾಟಕ್ಕಿದೆ ಎಂಬ ಸುದ್ದಿ ಹಬ್ಬಿತು. ನವೆಂಬರ್ 30ರಂದು ಸಿಎಸ್‌ಎಕ್ಸ್ ತಾನೇ ಕೊಳ್ಳುವೆನೆಂದು ಪ್ರಕಟಿಸಿತು.

ಇಲ್ಲಿ ತೊಡಕಿದ್ದದ್ದು ಪಶ್ಚಿಮದ ಕವಲಿನಲ್ಲಿ. ನ್ಯೂಯಾರ್ಕ್ ರಾಜ್ಯದಿಂದ ಹೂಸಾಕ್ ಬೆಟ್ಟದ ಸುರಂಗವನ್ನು ದಾಟಿ ಮ್ಯಾಸಚೂಸೆಟ್ಸಿನ ಏಯರ್ ಎಂಬಲ್ಲಿಗೆ ಬರುವ ದಾರಿಯನ್ನು 2009ರಿಂದ ಪ್ಯಾನ್ ಆಮ್ ಮತ್ತು ನಾರ್ಫೋಕ್ ಸದರ್ನ್ ಸಮಪಾಲುದಾರರಾಗಿ ಹೊಂದಿದ್ದರು. ಇದಕ್ಕೆ ದಕ್ಷಿಣದಲ್ಲಿ, ಆಲ್ಬನಿಯಿಂದ ಬಾಸ್ಟನ್ನಿನ ಕಡೆಗೆ, ಸಿಎಸ್‌ಎಕ್ಸ್ ಕಂಪನಿಯ ಮಾರ್ಗವಿದೆ. ಪ್ಯಾನ್ ಆಮನ್ನು ಕೊಂಡರೆ ತನಗೆ ಎದುರಾಗಿ ಓಡುವ ದಾರಿಯಲ್ಲಿಯೇ ಸಿಎಸ್‌ಎಕ್ಸ್ ಅರ್ಧ ಒಡೆಯನಾಗುತ್ತಿತ್ತು. ಇದಕ್ಕೆ ಸೂಚಿಸಿದ ಪರಿಹಾರವೆಂದರೆ ಆ ಮಾರ್ಗದ ಗಾಡಿಗಳನ್ನು ನಡೆಸುವ ಕೆಲಸವನ್ನು ಮೂರನೆಯವರಿಗೆ, ಜೆನೆಸೀ ಆಂಡ್ ವಯೋಮಿಂಗ್ ಎಂಬ ಸಂಸ್ಥೆಯ ಹೊಸ ಅಂಗವಾದ ಬರ್ಕ್‌ಷೈರ್ ಆಂಡ್ ಈಸ್ಟರ್ನ್ ಕಂಪನಿಗೆ, ಒಪ್ಪಿಸುವುದು. ಆದರೆ ಆ ಸಂಸ್ಥೆಯ ಕೈಯಲ್ಲಿ ನ್ಯೂ ಇಂಗ್ಲೆಂಡ್ ಸೆಂಟ್ರಲ್, ಪ್ರಾವಿಡೆನ್ಸ್ ಆಂಡ್ ವುಸ್ಟರ್ ಎಂಬ ನೆರೆಯ ಮಾರ್ಗಗಳು ಆಗಲೇ ಇದ್ದುವು.

ವರ್ಮಾಂಟ್ ರೈಲ್ವೆಯವರಿಗೆ ಆತಂಕ ಹುಟ್ಟಿದ್ದು ಇಲ್ಲಿ. 1960ರ ದಶಕದಲ್ಲಿ ಹಳೆಯ ರಟ್‌ಲೆಂಡ್ ರೈಲ್ವೆ ಮುಚ್ಚಿಹೋದಾಗ ವರ್ಮಾಂಟ್ ರಾಜ್ಯ ಸರಕಾರವೇ ಹಳಿಯನ್ನು ಕೊಂಡು, ನಡೆಸುವ ಕೆಲಸವನ್ನು ಈ ಕಂಪನಿಗೆ ವಹಿಸಿತ್ತು. ಇದರ ವ್ಯಾಗನ್ನುಗಳು ಹೊರಜಗತ್ತಿಗೆ ಹೋಗುವ ಬಾಗಿಲುಗಳಲ್ಲಿ ಹೂಸಾಕ್ ದಾರಿಯ ಜಂಕ್ಷನ್ ಒಂದು, ನ್ಯೂ ಇಂಗ್ಲೆಂಡ್ ಸೆಂಟ್ರಲ್ ಮಾರ್ಗದ ಜಂಕ್ಷನ್ನುಗಳು ಬೇರೆ. ಈಗ ಎರಡು ಬಾಗಿಲುಗಳ ಕೀಲಿಕೈಯೂ ಒಂದೇ ಸಂಸ್ಥೆಗೆ ಹೋಗುವುದಿತ್ತು. ಆ ಸಂಸ್ಥೆಯೂ ಸಣ್ಣ ರೈಲ್ವೆಗಳ ಸಮೂಹವೇ ಎಂಬುದನ್ನು ಮರೆಯಬಾರದು. ಸಣ್ಣವರಿಗೆ ಅಪಾಯ ದೊಡ್ಡವರಿಂದ ಮಾತ್ರ ಎಂಬ ನಂಬಿಕೆ ಪೂರ್ಣವಾಗಿ ನಿಜವಲ್ಲ.

ಅಮೆರಿಕದಲ್ಲಿ ಇಂತಹ ಸ್ವಾಧೀನಗಳಿಗೆ ಅನುಮತಿ ಕೊಡತಕ್ಕದ್ದು ಮೇಲ್ಮೈ ಸಾರಿಗೆ ಮಂಡಲಿ. 1887ರಿಂದ ಇದ್ದ ಅಂತರರಾಜ್ಯ ವಾಣಿಜ್ಯ ಆಯೋಗವನ್ನು ರದ್ದುಪಡಿಸಿ, 1996ರ ಜನವರಿ 1ರಿಂದ ಅದರ ಜಾಗದಲ್ಲಿ ಈ ಮಂಡಲಿಯನ್ನು ಸ್ಥಾಪಿಸಿದರು. 2021ರ ಫೆಬ್ರವರಿಯಲ್ಲಿ ಸಿಎಸ್‌ಎಕ್ಸ್ ಸಲ್ಲಿಸಿದ ಅರ್ಜಿಯಲ್ಲಿ ಈ ವ್ಯವಹಾರವನ್ನು ಅಲ್ಪ ಸ್ವರೂಪದ್ದೆಂದು ಕರೆದಿತ್ತು. ಮಂಡಲಿ ಒಪ್ಪಲಿಲ್ಲ, ಇದು ಗಣನೀಯವೆಂದು ತೀರ್ಮಾನಿಸಿತು. ಎರಡನೆಯ ಅರ್ಜಿಯನ್ನು ಅಪೂರ್ಣವೆಂದು ಮೇ ತಿಂಗಳಲ್ಲಿ ಹಿಂದಕ್ಕೆ ಕಳುಹಿಸಿತು. ಜುಲೈ ತಿಂಗಳ ಮೂರನೆಯ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಂಡು, 2022ರ ಏಪ್ರಿಲ್ 14ರಂದು ಷರತ್ತುಗಳೊಡನೆ ಒಪ್ಪಿಗೆ ಕೊಟ್ಟಿತು. ಚಾಲ್ತಿಯಲ್ಲಿರುವ ಜಂಕ್ಷನ್ನುಗಳನ್ನು ನ್ಯಾಯವಾದ ದರದಲ್ಲಿ ತೆರೆದಿಡುವೆನೆಂಬ ಸಿಎಸ್‌ಎಕ್ಸ್ ಕಂಪನಿಯ ಮಾತೂ ಈ ಒಪ್ಪಿಗೆಗೆ ಆಧಾರವಾಯಿತು. ಆ ವರ್ಷದ ಜೂನ್ 1ರಂದು ಪ್ಯಾನ್ ಆಮ್ ಸಿಎಸ್‌ಎಕ್ಸ್ ಕಂಪನಿಯಲ್ಲಿ ಲೀನವಾಯಿತು. ಸವೆದ ಹಳಿಗಳ ಪುನರ್ನಿರ್ಮಾಣಕ್ಕೆ ಸಿಎಸ್‌ಎಕ್ಸ್ ಬಂಡವಾಳ ಹೂಡಿತೆಂಬುದನ್ನು ಹೇಳದೆ ಹೋದರೆ ಅನ್ಯಾಯವಾದೀತು. ಮೇನ್ ರಾಜ್ಯದ ಕಾಗದದ ಗಿರಣಿಗಳಿಗೆ ಒಂದೇ ಕಂಪನಿಯ ಹಳಿಯ ಮೇಲೆ ದೂರದ ಪೇಟೆಗಳನ್ನು ಮುಟ್ಟುವ ಅನುಕೂಲವೂ ದೊರೆಯಿತು.

ಈ ಪ್ರಕರಣದಲ್ಲಿ ಗಮನಿಸಬೇಕಾದ ಸಂಗತಿ ಒಂದು. 2 ಲಕ್ಷ ಜನರ ಊರಿಗೂ 2 ಸಾವಿರ ಜನರ ಊರಿಗೂ ನದಿಯ ಸೇತುವೆ ಒಂದೇ ಬಗೆಯದಲ್ಲ. ಎರಡನೆಯದಕ್ಕೆ ಅದು ಒಂದೇ ಸೇತುವೆಯಾಗಿರಬಹುದು. ಕೊಳ್ಳುವವನಿಗೆ ಅಲ್ಪವೆಂದು ಕಂಡದ್ದು ನೆರೆಯವನಿಗೆ ಗಣನೀಯವಾಗಿತ್ತು. ನೆರೆಯವನ ಮಾತನ್ನು ಕೇಳಲು ಮಂಡಲಿಗೆ ಸಾಧ್ಯವಾದದ್ದು, ಆ ಮಾತನ್ನು ಅವನು ವ್ಯವಹಾರ ಮುಗಿಯುವ ಮೊದಲೇ ಆಡಿದ್ದರಿಂದ.

ಬರೆದುಕೊಂಡ ಹಕ್ಕು

ಇದಕ್ಕೆ ಹಿಂದಿನ ಮೇಲ್ಪಂಕ್ತಿಯೊಂದು ಒಹಾಯೋ ರಾಜ್ಯದಲ್ಲಿದೆ. ನಾರ್ಫೋಕ್ ಸದರ್ನ್ ಬಿಟ್ಟುಕೊಟ್ಟ ಮಾರ್ಗಗಳಿಂದ 1990ರಲ್ಲಿ ವೀಲಿಂಗ್ ಆಂಡ್ ಲೇಕ್ ಈರಿ ಎಂಬ ಪ್ರಾಂತೀಯ ರೈಲ್ವೆ ಹುಟ್ಟಿತು. ಕಾನ್‌ರೇಲನ್ನು ಸಿಎಸ್‌ಎಕ್ಸ್ ಮತ್ತು ನಾರ್ಫೋಕ್ ಸದರ್ನ್ ಹಂಚಿಕೊಳ್ಳಲು ಹೊರಟಾಗ ಇದರ ಸುತ್ತ ಮೂವರಿದ್ದ ಕಡೆ ಇಬ್ಬರೇ ಉಳಿಯುವ ಸ್ಥಿತಿ ಬಂದಿತು. ತಾನು ಉಳಿಯುವುದು ಕಷ್ಟವೆಂದು ಅದು ಮಂಡಲಿಯ ಮುಂದೆ ವಾದಿಸಿತು. ಬರಿಯ ಅಳಲನ್ನು ತೋಡಿಕೊಳ್ಳದೆ, ಯಾವ ಊರಿನವರೆಗೆ ತನ್ನ ಸರಕಿಗೆ ದಾರಿ ಬೇಕು, ಯಾವ ಬಂದರುಕಟ್ಟೆ ಬೇಕು ಎಂದು ಹೆಸರಿಸಿ ಕೇಳಿತು. 1998ರ ಜುಲೈ ತೀರ್ಪಿನಲ್ಲಿ ಮಂಡಲಿಯು ಅದಕ್ಕೆ ಟೋಲೆಡೋ ನಗರದವರೆಗಿನ ಪ್ರವೇಶವನ್ನೂ ಈರಿ ಸರೋವರದ ಹ್ಯೂರನ್ ಕಟ್ಟೆಯ ಗುತ್ತಿಗೆಯ ಮುಂದುವರಿಕೆಯನ್ನೂ ಷರತ್ತಾಗಿ ವಿಧಿಸಿತು. 1999ರ ಜೂನ್ 1ರಂದು ಕಾನ್‌ರೇಲ್ ಹಂಚಿಹೋಯಿತು. ತಿಂಗಳುಗಟ್ಟಲೆ ವ್ಯಾಗನ್ನುಗಳು ಯಾರ್ಡುಗಳಲ್ಲಿ ಸಿಕ್ಕಿಬಿದ್ದುವು. ಆ ಕಷ್ಟವನ್ನೂ ದಾಟಿ ವೀಲಿಂಗ್ ಉಳಿಯಿತು. 2025ರ ಆಗಸ್ಟ್‌ನಲ್ಲಿ ಅದನ್ನು 105 ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ಒಂದು ಹಣಹೂಡಿಕೆಯ ಸಂಸ್ಥೆ ಪ್ರಕಟಿಸಿತು. ಕಾಗದದ ಗೋಡೆ ಒಂದು ಮಾರ್ಗವನ್ನು ಕಟ್ಟಿಹಾಕುವಂತೆ, ಕಾಗದದ ಮೇಲಿನ ಹಕ್ಕು ಇನ್ನೊಂದನ್ನು ಕಾಪಾಡಲೂ ಬಲ್ಲದು.

1996ರ ಯೂನಿಯನ್ ಪೆಸಿಫಿಕ್ ಮತ್ತು ಸದರ್ನ್ ಪೆಸಿಫಿಕ್ ವಿಲೀನದ ಬಳಿಕ ಹ್ಯೂಸ್ಟನ್ ಸುತ್ತ ಉಂಟಾದ ಗೊಂದಲ, 1999ರ ಪೂರ್ವದ ಗೊಂದಲ, ಇವುಗಳಿಂದ ಪಾಠ ಕಲಿತು ಮಂಡಲಿಯು 2001ರಲ್ಲಿ ಹೊಸ ನಿಯಮಗಳನ್ನು ಮಾಡಿತು. ಅವುಗಳ ಪ್ರಕಾರ ದೊಡ್ಡ ಕಂಪನಿಗಳ ವಿಲೀನವು ಸ್ಪರ್ಧೆಯನ್ನು ಕುಗ್ಗಿಸದಿದ್ದರೆ ಸಾಲದು, ಹೆಚ್ಚಿಸಬೇಕು. ಒಂದು ವಿಲೀನ ಮುಂದೆ ಯಾವ ವಿಲೀನಗಳಿಗೆ ದಾರಿಮಾಡುವುದೆಂಬುದನ್ನೂ ಅರ್ಜಿದಾರರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾನ್ಸಾಸ್ ಸಿಟಿ ಸದರ್ನ್ ಮತ್ತು ಕೆನೇಡಿಯನ್ ಪೆಸಿಫಿಕ್ ವಿಲೀನಕ್ಕೆ ವಿನಾಯಿತಿಯಿದ್ದುದರಿಂದ ಅದು ಹಳೆಯ ನಿಯಮದಲ್ಲಿಯೇ ನಡೆಯಿತು. ಹೊಸ ನಿಯಮದ ಒರೆಗಲ್ಲಿಗೆ ಬಂದದ್ದು 2025ರ ಆ ಜುಲೈ ಒಪ್ಪಂದ.

ಮೇಲಿನ ಉದಾಹರಣೆಗಳಿಂದ ಹೊರಡುವ ನಿರ್ಣಯ ಸ್ವಾಧೀನಗಳೆಲ್ಲ ಕೆಟ್ಟವೆಂದಲ್ಲ. ಪ್ಯಾನ್ ಆಮ್ ಹಳಿಗೆ ಹೊಸ ದಿಮ್ಮಿ ಬಂದದ್ದು ಸ್ವಾಧೀನದಿಂದಲೇ. ಆದರೆ ವಿಲೀನದ ಲಾಭ ಕೊಂಡವನಿಗೆ ತಾನಾಗಿಯೇ ಬರುತ್ತದೆ. ನೆರೆಯವನ ಹಿತ ಯಾರಾದರೂ ಕೇಳಿ ಬರೆಯಿಸಿದ ಹೊರತು ಬರುವುದಿಲ್ಲ. ದೊಡ್ಡ ಕಂಪನಿಗಳ ಹೆಸರುಗಳು ಕೂಡುತ್ತ, ಅಳಿಯುತ್ತ, ಬದಲಾಗುತ್ತ ಹೋಗಿವೆ. ಅವುಗಳ ನಡುವೆ ಒಂದು ಸಣ್ಣ ಮಾರ್ಗ ಬದುಕಿರುವುದೋ ಇಲ್ಲವೋ ಎಂದು ತಿಳಿಯಬೇಕಾದರೆ, ಅದರ ಕೊನೆಯ ಜಂಕ್ಷನ್ನಿನಲ್ಲಿ ವ್ಯಾಗನ್ನನ್ನು ಒಯ್ಯಲು ಬರುವವರು ಎಷ್ಟು ಜನ ಎಂದು ಎಣಿಸಬೇಕು. ಸ್ವಾಧೀನದ ವದಂತಿ ಹೊರಟ ದಿನವೇ ಆ ಎಣಿಕೆಗೆ ಸರಿಯಾದ ದಿನ.